ಬೋರ್ಡಿನಲ್ಲಿ ಮಾನ್ಯತೆ ಇದೆ, ಅನುದಾನ ಎಲ್ಲಿ?

ಜೂನ್ ಬಂತೆಂದರೆ ನಮ್ಮ ಕಡೆ ಗೋಡೆಗಳೆಲ್ಲ ಶಾಲೆಯ ಜಾಹೀರಾತು. ಬಸ್ ಸ್ಟ್ಯಾಂಡು, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಎಲ್ಲಿ ನೋಡಿದರೂ ಫ್ಲೆಕ್ಸು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಕರ್ನಾಟಕ ಸರ್ಕಾರದಿಂದ ಮಾನ್ಯತೆ ಪಡೆದಿದೆ’. ಕೆಲವು ಕಡೆ ‘ಅನುದಾನಿತ’ ಎಂದಿರುತ್ತದೆ. ಇನ್ನು ಕೆಲವು ಕಡೆ ಏನೂ ಇರುವುದಿಲ್ಲ.

ಈ ಎರಡು ಪದದ ಅರ್ಥ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಎರಡೂ ಒಂದೇ ತಾನೆ, ಗೌರ್ಮೆಂಟ್ ಒಪ್ಪಿಗೆ ಐತೆ ಅಂತ’ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಮಾನ್ಯತೆ ಎಂದರೆ ಶಾಲೆ ನಡೆಸಲು ಸರ್ಕಾರ ಕೊಡುವ ಒಪ್ಪಿಗೆ. ಅನುದಾನ ಎಂದರೆ ಆ ಶಾಲೆಯ ಖರ್ಚಿಗೆ, ಮುಖ್ಯವಾಗಿ ಮೇಷ್ಟ್ರ ಸಂಬಳಕ್ಕೆ, ಸರ್ಕಾರ ಕೊಡುವ ದುಡ್ಡು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬರುವುದಿಲ್ಲ. ನಮ್ಮ ಹೋಬಳಿಗಳ ಎಷ್ಟೋ ಕನ್ನಡ ಶಾಲೆಗಳು ಈ ಎರಡರ ನಡುವೆ ಸಿಕ್ಕಿಕೊಂಡು ವರ್ಷಗಳೇ ಆಗಿವೆ. ಅದಕ್ಕೇ ಈ ಬರಹ.

ನಮ್ಮದೇ ಒಂದು ಜಿಲ್ಲೆ

ಕಂದಾಯದ ಲೆಕ್ಕದಲ್ಲಿ ನಾವೆಲ್ಲ ತುಮಕೂರು ಜಿಲ್ಲೆಯವರು. ಶಾಲೆಯ ಲೆಕ್ಕದಲ್ಲಿ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಟಿವಿಯಲ್ಲಿ ಚಿಕ್ಕೋಡಿ, ಶಿರಸಿಯ ಜೊತೆ ನಮ್ಮ ಹೆಸರು ಬೇರೆಯಾಗಿ ಕಾಣುವುದು ಇದಕ್ಕೇ. ಮಧುಗಿರಿಯಲ್ಲಿ ಉಪನಿರ್ದೇಶಕರ ಕಚೇರಿ, ತಾಲ್ಲೂಕಿಗೊಂದು ಬಿಇಒ ಕಚೇರಿ. ಹೊಸ ಶಾಲೆಗೆ ಒಪ್ಪಿಗೆ, ಮಾನ್ಯತೆಯ ನವೀಕರಣ, ದೂರು, ತಪಾಸಣೆ, ಇವೆಲ್ಲ ಈ ಮೇಜುಗಳನ್ನು ದಾಟಿಯೇ ಹೋಗಬೇಕು.

ನಮ್ಮ ಜಿಲ್ಲೆಗೆ ಇನ್ನೊಂದು ಗುಣವೂ ಇದೆ. ಪಾವಗಡಕ್ಕೆ ಮೂರು ಕಡೆ ಆಂಧ್ರ. ವೈ.ಎನ್.ಹೊಸಕೋಟೆ, ನಾಗಲಮಡಿಕೆ ಕಡೆ ಮನೆಮಾತು ತೆಲುಗು. ಮಧುಗಿರಿಯ ಕೊಡಿಗೇನಹಳ್ಳಿ, ಮಿಡಿಗೇಶಿ ಭಾಗದಲ್ಲೂ ತೆಲುಗು ಓಡಾಡುತ್ತದೆ. ಶಿರಾದಲ್ಲಿ ಉರ್ದು ಮಾತಾಡುವ ಮನೆಗಳಿವೆ. ಇಂಥ ಮನೆಯ ಮಗುವಿಗೆ ಕನ್ನಡ ಓದು, ಬರಹ ಸಿಗುವ ಜಾಗ ಶಾಲೆ. ಹಾಗಾಗಿ ಇಲ್ಲಿ ಒಂದು ಕನ್ನಡ ಶಾಲೆ ಬಾಗಿಲು ಹಾಕಿತೆಂದರೆ ಹೋಗುವುದು ಬರೀ ಕಟ್ಟಡವಲ್ಲ.

ಮಾನ್ಯತೆ: ಯಾಕೆ ಬೇಕು

ರಾಜ್ಯದಲ್ಲಿ ಶಾಲೆಗಳನ್ನು ಆಳುವುದು ಕರ್ನಾಟಕ ಶಿಕ್ಷಣ ಕಾಯ್ದೆ. ಹೆಸರಿನಲ್ಲಿ 1983 ಇದ್ದರೂ ಜಾರಿಗೆ ಬಂದದ್ದು 1995ರಲ್ಲಿ. ಖಾಸಗಿ ಶಾಲೆ ನೋಂದಣಿ ಮಾಡಿಸಬೇಕು, ಮಾನ್ಯತೆ ಪಡೆಯಬೇಕು, ನಿಯಮ ಮುರಿದರೆ ಮಾನ್ಯತೆ ಕಳೆದುಕೊಳ್ಳಬೇಕು ಎನ್ನುತ್ತದೆ ಅದು. ಇದರ ಮೇಲೆ ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ, ನಾವೆಲ್ಲ ಆರ್‌ಟಿಇ ಎಂದು ಕರೆಯುವುದು, 2010ರ ಏಪ್ರಿಲ್ 1ರಿಂದ ಸೇರಿಕೊಂಡಿತು. ಅದರ 18ನೇ ಕಲಂ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಆಮೇಲೂ ನಡೆಸುತ್ತಲೇ ಇದ್ದರೆ ದಿನಕ್ಕೆ 10 ಸಾವಿರ.

ಇಷ್ಟೆಲ್ಲ ಬಿಗಿ ಯಾಕೆ ಎಂದು ಕೇಳುವವರು ಕುಂಭಕೋಣವನ್ನು ನೆನಪಿಸಿಕೊಳ್ಳಬೇಕು. 2004ರ ಜುಲೈ 16ರಂದು ತಮಿಳುನಾಡಿನ ಆ ಊರಿನ ಶಾಲೆಯೊಂದಕ್ಕೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿತ್ತು. ಇಕ್ಕಟ್ಟಿನ ಮೆಟ್ಟಿಲಲ್ಲಿ ಮಕ್ಕಳು ಇಳಿಯಲಾಗಲಿಲ್ಲ. ಅದು ಕದ್ದುಮುಚ್ಚಿ ನಡೆಯುತ್ತಿದ್ದ ಶಾಲೆಯಲ್ಲ, ಸರ್ಕಾರದ ಅನುದಾನ ಪಡೆಯುತ್ತಿದ್ದ ಶಾಲೆ. ಅನುದಾನ ಇತ್ತು, ಕಟ್ಟಡ ಸರಿ ಇರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಶಾಲೆಗಳಿಗೂ ಅಗ್ನಿ ಸುರಕ್ಷತೆ, ಕಟ್ಟಡ ಸುರಕ್ಷತೆ ಕಡ್ಡಾಯ ಎಂದಿತು. ಇವತ್ತು ಮಾನ್ಯತೆ ನವೀಕರಣಕ್ಕೆ ಹೋದಾಗ ಆ ಪತ್ರಗಳನ್ನು ಕೇಳುವುದರ ಹಿಂದೆ ಆ ಮಕ್ಕಳಿದ್ದಾರೆ.

ಆದರೆ ಅದೇ ಪತ್ರಗಳ ಹೆಸರಿನಲ್ಲಿ ಶಾಲೆಗಳನ್ನು ಅಲೆಸುವುದೂ ಇದೆ ಎಂಬ ದೂರು ಹೊಸದಲ್ಲ. 2022ರ ಆಗಸ್ಟ್‌ನಲ್ಲಿ ರಾಜ್ಯದ ಖಾಸಗಿ ಶಾಲೆಗಳ ಎರಡು ಸಂಘಗಳು, ಮಾನ್ಯತೆ ಪತ್ರಕ್ಕೆ ಲಂಚ ಕೇಳುತ್ತಾರೆ ಎಂದು ಪ್ರಧಾನಿಗೇ ಪತ್ರ ಬರೆದಿದ್ದವು. ಆರೋಪ ಎಷ್ಟು ನಿಜ ಎಂಬ ತೀರ್ಪು ನಾವು ಕೊಡುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇವೆ: ಫೈಲು ಎಲ್ಲಿದೆ, ಯಾಕೆ ನಿಂತಿದೆ ಎಂದು ಎಲ್ಲರಿಗೂ ಕಾಣುವಂತಿದ್ದರೆ ಇಂಥ ಪತ್ರ ಬರೆಯುವ ಪ್ರಸಂಗವೇ ಬರುವುದಿಲ್ಲ.

ಅನುದಾನ: ಹಕ್ಕಲ್ಲ, ಆದರೂ ಹಳೆಯ ಮಾತು

ಖಾಸಗಿ ಶಾಲೆಗೆ ಸರ್ಕಾರ ದುಡ್ಡು ಕೊಡುವುದು ಇವತ್ತಿನ ಪದ್ಧತಿಯಲ್ಲ. 1854ರಲ್ಲಿ ಬ್ರಿಟಿಷರ ಕಾಲದ ವುಡ್ ವರದಿಯಲ್ಲೇ ಇದು ಬಂತು. ಊರಿನವರು, ಮಠದವರು, ಮಿಷನ್‌ನವರು ಶಾಲೆ ಕಟ್ಟಲಿ, ಸರ್ಕಾರ ತಪಾಸಣೆ ಮಾಡಿ ಸಹಾಯಧನ ಕೊಡಲಿ ಎಂಬುದು ಅದರ ಸಾರ. ಸಿದ್ಧಗಂಗಾ ಮಠದಂಥ ಸಂಸ್ಥೆಗಳು ಹಳ್ಳಿಹಳ್ಳಿಗೆ ಶಾಲೆ ಕೊಂಡೊಯ್ದದ್ದನ್ನು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಸರ್ಕಾರಿ ಹೈಸ್ಕೂಲು ಇಲ್ಲದ ಕಡೆ ಅನುದಾನಿತ ಹೈಸ್ಕೂಲೇ ನಮ್ಮ ಅಪ್ಪಂದಿರಿಗೆ ಎಸ್‌ಎಸ್‌ಎಲ್‌ಸಿ ಓದಿಸಿತು.

ಅನುದಾನಿತ ಶಾಲೆಯಲ್ಲಿ ಕಟ್ಟಡ, ಜಾಗ ಆಡಳಿತ ಮಂಡಳಿಯದು. ಮಂಜೂರಾದ ಹುದ್ದೆಯ ಮೇಷ್ಟ್ರುಗಳಿಗೆ ಸಂಬಳ ಸರ್ಕಾರದ್ದು. ಮೇಷ್ಟ್ರನ್ನು ಮಂಡಳಿ ಆರಿಸಿದರೂ ಇಲಾಖೆ ಒಪ್ಪಬೇಕು. ಒಬ್ಬರು ನಿವೃತ್ತರಾದರೆ ಆ ಜಾಗ ತುಂಬಲೂ ಸರ್ಕಾರದ ಅನುಮತಿ ಬೇಕು. ಆ ಅನುಮತಿ ಬರುವಷ್ಟರಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲದೆ ಎರಡು ಮೂರು ಬ್ಯಾಚು ದಾಟಿಹೋದದ್ದನ್ನು ನಾವು ಕಂಡಿದ್ದೇವೆ.

ಅನುದಾನ ಕೊಡಲೇಬೇಕು ಎಂದು ಕೋರ್ಟಿಗೆ ಹೋದರೆ ಗೆಲ್ಲುವುದು ಕಷ್ಟ. ಅನುದಾನ ಪಡೆಯುವುದು ಸಂಸ್ಥೆಯ ಮೂಲಭೂತ ಹಕ್ಕಲ್ಲ, ಅದು ಸರ್ಕಾರದ ನೀತಿಗೆ ಬಿಟ್ಟದ್ದು ಎಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಂಪನ್ಮೂಲ ಎಷ್ಟಿದೆ ನೋಡಿಕೊಂಡು ಸರ್ಕಾರ ತೀರ್ಮಾನಿಸಬಹುದು. ಒಪ್ಪೋಣ. ಹಾಗಾದರೆ ತೀರ್ಮಾನಿಸಲಿ. ನಮ್ಮ ತಕರಾರು ಇರುವುದು ತೀರ್ಮಾನ ಮಾಡದೆ ಕೂರಿಸುವುದರ ಬಗ್ಗೆ.

1995 ಎಂಬ ಗೆರೆ

1995ರ ನಂತರ ಶುರುವಾದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳನ್ನೂ ಅನುದಾನಕ್ಕೆ ಸೇರಿಸಿ ಎಂಬ ಕೂಗು ಎಷ್ಟು ಹಳೆಯದೆಂದರೆ, ಆಗ ಸೇರಿದ ಮೇಷ್ಟ್ರುಗಳ ತಲೆಗೂದಲು ಈಗ ಬೆಳ್ಳಗಾಗಿದೆ. ಪ್ರತಿ ಚುನಾವಣೆಗೆ ಭರವಸೆ, ಪ್ರತಿ ಅಧಿವೇಶನಕ್ಕೆ ಮನವಿ, ಆಗಾಗ ಬೆಂಗಳೂರಿನಲ್ಲಿ ಧರಣಿ. ಮುಖ್ಯಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದವು. ಗೆರೆ ಅಲ್ಲೇ ಇದೆ.

ಇಂಥ ಶಾಲೆ ಹೇಗಿರುತ್ತದೆ ಎಂದು ನೋಡದವರಿಗೆ ಹೇಳಬೇಕು. ಊರ ಹೊರಗೆ ನಾಲ್ಕೈದು ಕೋಣೆ, ಶೀಟಿನ ಮಾಡು. ಫೀಸು ವರ್ಷಕ್ಕೆ ಕೆಲವು ಸಾವಿರ, ಅದೂ ಕಡಲೆಕಾಯಿ ಕೈಗೆ ಬಂದರೆ. ಮಳೆ ಕೈಕೊಟ್ಟ ವರ್ಷ ಅರ್ಧ ಜನ ಕಟ್ಟುವುದಿಲ್ಲ, ಮಕ್ಕಳನ್ನು ಹೊರಗೆ ಕಳಿಸಲು ಮುಖ್ಯ ಮೇಷ್ಟ್ರಿಗೆ ಮನಸ್ಸು ಬರುವುದಿಲ್ಲ. ಉಳಿದ ದುಡ್ಡಿನಲ್ಲೇ ಸಂಬಳ. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ತಿಂಗಳಿಗೆ 26 ದಿನ ಲೆಕ್ಕ ಹಾಕಿದರೆ 9,074 ರೂಪಾಯಿ. ಬಿ.ಇಡಿ ಮಾಡಿಕೊಂಡು ಅದಕ್ಕಿಂತ ಕಡಿಮೆ ಸಂಬಳಕ್ಕೆ ಪಾಠ ಹೇಳುವ ಮೇಷ್ಟ್ರುಗಳನ್ನು ನಾವು ನಾಲ್ಕೂ ತಾಲ್ಲೂಕಿನಲ್ಲಿ ನೋಡಿದ್ದೇವೆ. ಬೆಳಿಗ್ಗೆ ಸೀಮೆಹಸುವಿನ ಹಾಲು ಡೇರಿಗೆ ಹಾಕಿ, ಆಮೇಲೆ ಸ್ಕೂಲಿಗೆ ಹೋಗುತ್ತಾರೆ. ‘ಇವತ್ತಲ್ಲ ನಾಳೆ ಅನುದಾನ ಆಗುತ್ತೆ’ ಎಂಬ ಒಂದೇ ಆಸೆಗೆ ಇಪ್ಪತ್ತು ವರ್ಷ ಕಳೆದವರಿದ್ದಾರೆ. ಆ ವಯಸ್ಸಿಗೆ ಬೇರೆ ಕೆಲಸವೂ ಸಿಗುವುದಿಲ್ಲ.

ಕೋಲು ಮುರಿದ ಮೇಲೆ

ಇಲ್ಲಿ ಒಂದು ಮುಖ್ಯವಾದ ವಿಷಯ ಗಮನಿಸಿ. 1994ರಲ್ಲಿ ರಾಜ್ಯ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕು ಎಂದು ಆದೇಶ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟಿನ ಪೂರ್ಣ ಪೀಠ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಎರಡೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವು. ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕು ಎಂಬ ಆಯ್ಕೆ ತಂದೆತಾಯಿಯದು, ಸರ್ಕಾರ ಹೇರುವಂತಿಲ್ಲ ಎಂದಾಯಿತು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಿ ಎನ್ನುತ್ತದೆಯೇ ಹೊರತು ಮಾಧ್ಯಮದ ವಿಷಯಕ್ಕೆ ಬರುವುದಿಲ್ಲ.

ಅಂದರೆ ಕನ್ನಡ ಮಾಧ್ಯಮ ಉಳಿಸಲು ಸರ್ಕಾರದ ಕೈಯಲ್ಲಿದ್ದ ಕೋಲು ಮುರಿದಿದೆ. ಇನ್ನು ಉಳಿದಿರುವುದು ಒಂದೇ ದಾರಿ, ಕನ್ನಡ ಮಾಧ್ಯಮದಲ್ಲಿ ಕಲಿಸುವವರ ಕೈ ಹಿಡಿಯುವುದು. ಮೊದಲು ಸರ್ಕಾರಿ ಶಾಲೆಯ ಕೈ, ಆಮೇಲೆ ಅದರ ಪಕ್ಕದಲ್ಲಿ ನಿಂತ ಬಡ ಕನ್ನಡ ಶಾಲೆಯ ಕೈ. ನವೆಂಬರ್ 1ಕ್ಕೆ ಬಾವುಟ ಹಾರಿಸಿ, ಡಿಸೆಂಬರ್‌ನಲ್ಲಿ ಆ ಶಾಲೆಯ ಫೈಲು ಕಟ್ಟಿಡುವ ಸರ್ಕಾರಕ್ಕೆ ಕನ್ನಡದ ಮಾತು ಒಪ್ಪುವುದಿಲ್ಲ.

ದುಡ್ಡೇ ಇಲ್ಲವೇ?

‘ಖಾಸಗಿಯವರಿಗೆ ಸರ್ಕಾರದ ದುಡ್ಡು ಯಾಕೆ’ ಎಂದು ಕೇಳುವವರಿಗೆ ಆರ್‌ಟಿಇ ನೆನಪಿಸಬೇಕು. ಕಾಯ್ದೆಯ 12ನೇ ಕಲಂ ಪ್ರಕಾರ ಅನುದಾನರಹಿತ ಖಾಸಗಿ ಶಾಲೆ ತನ್ನ ಆರಂಭದ ತರಗತಿಯಲ್ಲಿ ಶೇಕಡ 25 ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕು, ಖರ್ಚನ್ನು ಸರ್ಕಾರ ತುಂಬಿಕೊಡಬೇಕು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಿದ ಮಗುವಿಗೆ ಮೊದಲು ವರ್ಷಕ್ಕೆ ಗರಿಷ್ಠ 11,848 ರೂಪಾಯಿ ಇತ್ತು, ಆಮೇಲೆ 16 ಸಾವಿರ ಆಯಿತು. ಆ ದುಡ್ಡಿನ ಬಹುಪಾಲು ಯಾವ ಶಾಲೆಗೆ ಹೋಯಿತು? ತಂದೆತಾಯಿ ಅರ್ಜಿ ಹಾಕಿದ್ದು ಹೆಚ್ಚಾಗಿ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ. ತಪ್ಪೆನ್ನಲಾರೆವು, ನಮ್ಮ ಮನೆಗಳಿಂದಲೂ ಹಾಕಿದ್ದಾರೆ.

2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಹೈಕೋರ್ಟು ಇದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಇಲ್ಲದ ಊರು ಕಡಿಮೆ, ಹಾಗಾಗಿ ಸೀಟುಗಳೂ ಕುಸಿದವು. ಮಹಾರಾಷ್ಟ್ರ 2024ರಲ್ಲಿ ಇಂಥದೇ ನಿಯಮ ತಂದಾಗ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟೂ ಆ ರದ್ದತಿಯನ್ನು ಒಪ್ಪಿತು. ಗಡಿ ದಾಟಿದರೆ ಬಡ ಮಗುವಿನ ಪಾಲೇ ಬೇರೆ.

ನಿಯಮ ಬದಲಾದಾಗ ಸರ್ಕಾರ ಹೇಳಿದ ಕಾರಣ, ಖಾಸಗಿಗೆ ಹೋಗುವ ದುಡ್ಡು ಸರ್ಕಾರಿ ಶಾಲೆಗೆ ಬಳಕೆಯಾಗಲಿ ಎಂದು. ಒಳ್ಳೆಯ ಕಾರಣವೇ. ಆದರೆ ಉಳಿದ ದುಡ್ಡಿನಿಂದ ನಮ್ಮ ಹೋಬಳಿಯ ಸರ್ಕಾರಿ ಶಾಲೆಗೆ ಎಷ್ಟು ಮೇಷ್ಟ್ರು ಬಂದರು ಎಂಬ ಲೆಕ್ಕವನ್ನು ಯಾರೂ ನಮ್ಮ ಮುಂದೆ ಇಟ್ಟಿಲ್ಲ.

ಅಮೆರಿಕದ ಒಂದು ಪಾಠ

ಅಮೆರಿಕದಲ್ಲಿ ‘ಚಾರ್ಟರ್ ಶಾಲೆ’ ಎಂಬ ಒಂದು ಬಗೆ ಇದೆ. ಮೊದಲ ಕಾನೂನು ಮಾಡಿದ್ದು 1991ರಲ್ಲಿ ಮಿನೆಸೋಟ ರಾಜ್ಯ. ನಡೆಸುವುದು ಖಾಸಗಿ ಮಂಡಳಿ, ದುಡ್ಡು ಸರ್ಕಾರದ್ದು, ಮಕ್ಕಳಿಗೆ ಫೀಸಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ಅಲ್ಲೂ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು, ಜಗಳಗಳೂ ಬೇಕಾದಷ್ಟಿವೆ. ಸರ್ಕಾರಿ ಶಾಲೆಯ ದುಡ್ಡನ್ನು ಇವು ತಿನ್ನುತ್ತವೆ ಎಂಬ ದೂರು ಇವತ್ತಿಗೂ ನಿಂತಿಲ್ಲ. ಅದನ್ನು ಇಲ್ಲಿಗೆ ಎತ್ತಿ ತನ್ನಿ ಎಂದು ನಾವು ಹೇಳುವುದಿಲ್ಲ.

ಕಲಿಯಬೇಕಾದ್ದು ಒಂದಿದೆ. ಅಲ್ಲಿ ಒಪ್ಪಿಗೆಯೂ ದುಡ್ಡೂ ಒಂದೇ ಕರಾರಿನಲ್ಲಿ ಬರುತ್ತವೆ. ಇಷ್ಟು ವರ್ಷಕ್ಕೆ ಒಪ್ಪಂದ, ಇಷ್ಟು ಮಕ್ಕಳಿಗೆ ಇಷ್ಟು ಹಣ, ಮಕ್ಕಳು ಇಷ್ಟು ಕಲಿಯಬೇಕು, ಅವಧಿ ಮುಗಿದಾಗ ಪರಿಶೀಲನೆ, ಸರಿ ಇಲ್ಲದಿದ್ದರೆ ಬಾಗಿಲು ಹಾಕಬೇಕು. ಕೊಡುವವರಿಗೂ ಗಡುವು, ಪಡೆಯುವವರಿಗೂ ಗಡುವು. ನಮ್ಮಲ್ಲಿ ಮಾನ್ಯತೆ ಒಂದು ಕಡೆ, ಅನುದಾನ ಇನ್ನೊಂದು ಕಡೆ. ಮಾನ್ಯತೆಯ ನವೀಕರಣಕ್ಕೆ ಶಾಲೆ ದಿನ ತಪ್ಪಿಸುವಂತಿಲ್ಲ, ಅನುದಾನದ ತೀರ್ಮಾನಕ್ಕೆ ಸರ್ಕಾರಕ್ಕೆ ಮಾತ್ರ ಇಪ್ಪತ್ತೈದು ವರ್ಷ ದಾಟಿದರೂ ದಿನವೇ ಇಲ್ಲ.

ಎದುರು ಮಾತಿಗೆ ಉತ್ತರ

ನಮ್ಮ ಗೆಳೆಯರಲ್ಲೇ ಕೆಲವರು ವಾದಿಸುತ್ತಾರೆ. ‘ಅನುದಾನ ಕೊಟ್ಟರೆ ಮಂಡಳಿಯವರು ಹುದ್ದೆಗೆ ಇಷ್ಟು ಲಕ್ಷ ಎಂದು ಮಾರುತ್ತಾರೆ.’ ಈ ಮಾತನ್ನು ತಳ್ಳಿಹಾಕಲಾಗುವುದಿಲ್ಲ, ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ವ್ಯವಹಾರ. ‘ಮಕ್ಕಳೇ ಇಲ್ಲದ ಶಾಲೆ ಹಾಜರಿ ಪುಸ್ತಕದಲ್ಲಿ ಮಕ್ಕಳನ್ನು ತೋರಿಸುತ್ತದೆ.’ ಅದೂ ಆಗಬಹುದು. ‘ಸರ್ಕಾರಿ ಶಾಲೆಯೇ ಸೊರಗಿರುವಾಗ ಇದೇನು?’ ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ.

ನಮ್ಮ ಉತ್ತರ ಇಷ್ಟೇ. ಸರ್ಕಾರಿ ಶಾಲೆ ಚೆನ್ನಾಗಿ ನಡೆಯುತ್ತಿರುವ ಊರಿನಲ್ಲಿ ಖಾಸಗಿ ಶಾಲೆಗೆ ಅನುದಾನ ಬೇಡ. ಅದು ಒಂದೇ ಮಗುವಿಗೆ ಎರಡು ಸಲ ಖರ್ಚು. ಆದರೆ ಸರ್ಕಾರಿ ಹೈಸ್ಕೂಲು ದೂರವಿರುವ ಕಡೆ, ಎಂಟನೇ ತರಗತಿಗೆ ಹೆಣ್ಣುಮಕ್ಕಳು ಬಸ್ಸಿಲ್ಲದೆ ಓದು ಬಿಡುವ ಕಡೆ, ಅದೇ ಊರಿನ ಕನ್ನಡ ಶಾಲೆ ಬಾಗಿಲು ಹಾಕಿದರೆ ನಷ್ಟ ಮಂಡಳಿಗಲ್ಲ, ಆ ಹುಡುಗಿಗೆ. ಆರ್‌ಟಿಇ ಹಕ್ಕು ಹದಿನಾಲ್ಕು ವರ್ಷಕ್ಕೆ, ಎಂಟನೇ ತರಗತಿಗೆ ನಿಲ್ಲುತ್ತದೆ. ಒಂಬತ್ತು, ಹತ್ತಕ್ಕೆ ಆ ಆಸರೆಯೂ ಇಲ್ಲ.

ನಾವು ಕೇಳುವುದು

ಒಂದು, 1995ರ ನಂತರದ ಕನ್ನಡ ಮಾಧ್ಯಮ ಶಾಲೆಗಳ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಲಿ. ಎಷ್ಟು ಮಕ್ಕಳು, ಎಷ್ಟು ಮೇಷ್ಟ್ರು, ಹತ್ತಿರದ ಸರ್ಕಾರಿ ಶಾಲೆ ಎಷ್ಟು ದೂರ, ಎಲ್ಲವೂ ಅದರಲ್ಲಿರಲಿ.

ಎರಡು, ಪ್ರತಿ ಶಾಲೆಗೂ ಕೊಡುತ್ತೇವೆ ಅಥವಾ ಇಲ್ಲ ಎಂದು ಕಾರಣ ಸಮೇತ ಲಿಖಿತವಾಗಿ ಹೇಳಲಿ, ಅದಕ್ಕೆ ಒಂದು ದಿನಾಂಕ ಇರಲಿ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಸಾಕು.

ಮೂರು, ಕೊಟ್ಟರೆ ಷರತ್ತಿಟ್ಟು ಕೊಡಲಿ. ಐದು ವರ್ಷಕ್ಕೊಮ್ಮೆ ಪರಿಶೀಲನೆ, ಮೇಷ್ಟ್ರ ಆಯ್ಕೆ ಮೆರಿಟ್ ಪಟ್ಟಿಯಿಂದ, ಲೆಕ್ಕಪತ್ರ ಶಾಲೆಯ ಗೋಡೆಯ ಮೇಲೆ.

ನಾಲ್ಕು, ಇಲ್ಲ ಎಂದರೆ ಆ ಮಕ್ಕಳನ್ನು ಯಾವ ಸರ್ಕಾರಿ ಶಾಲೆಗೆ, ಯಾವ ಬಸ್ಸಿನಲ್ಲಿ ಕಳಿಸಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಲಿ. ಮಾನ್ಯತೆ ರದ್ದು ಮಾಡುವಾಗ ಮಕ್ಕಳನ್ನು ನೆರೆಯ ಯಾವ ಶಾಲೆಗೆ ಸೇರಿಸಬೇಕೆಂದು ಆದೇಶದಲ್ಲೇ ಹೇಳಬೇಕು ಎಂಬ ನಿಯಮ ಆರ್‌ಟಿಇಯಲ್ಲಿ ಈಗಾಗಲೇ ಇದೆ. ಅದೇ ನ್ಯಾಯ ಇಲ್ಲಿಗೂ ಬರಲಿ.

ನೀವು ಮಾಡಬಹುದಾದ್ದು

ಮಗುವನ್ನು ಸೇರಿಸುವ ಮುಂಚೆ ಮಾನ್ಯತೆ ಪತ್ರ ತೋರಿಸಿ ಎಂದು ಕೇಳಿ. ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ, ಯಾವ ವರ್ಷದವರೆಗೆ ಎಂದು ಓದಿ. ಐದನೇ ತರಗತಿವರೆಗೆ ಮಾನ್ಯತೆ ಇಟ್ಟುಕೊಂಡು ಏಳರವರೆಗೆ ನಡೆಸುವ, ಕನ್ನಡ ಮಾಧ್ಯಮಕ್ಕೆ ಒಪ್ಪಿಗೆ ಪಡೆದು ಇಂಗ್ಲಿಷ್‌ನಲ್ಲಿ ಪಾಠ ಮಾಡುವ ಶಾಲೆ ಇರಬಹುದು. ಶಾಲೆಯ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಕೇಳಿ ಬರೆದುಕೊಳ್ಳಿ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಸಿಬಿಎಸ್‌ಇ ಎಂದು ಬೋರ್ಡು ಹಾಕಿದ್ದರೆ ಆ ಮಂಡಳಿಯ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹುಡುಕಿ, ಮೊಬೈಲಿನಲ್ಲೇ ಸಿಗುತ್ತದೆ.

ಅನುದಾನಿತ ಶಾಲೆಯಾದರೆ ಅಲ್ಲಿ ಪೋಷಕರ ಸಮಿತಿ ಇರಬೇಕು, ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಯರು, ಅರ್ಧದಷ್ಟು ಹೆಂಗಸರು. ಅದಕ್ಕೆ ಸಲಹೆ ಕೊಡುವ ಅಧಿಕಾರ ಮಾತ್ರ, ಆದರೂ ಕೂತು ಕೇಳುವ ಹಕ್ಕಿದೆ. ಅನುದಾನಿತ ಶಾಲೆ ಎಂಟನೇ ತರಗತಿಯೊಳಗೆ ಕನಿಷ್ಠ ನಾಲ್ಕನೇ ಒಂದು ಪಾಲು ಮಕ್ಕಳಿಗೆ ಉಚಿತವಾಗಿ ಕಲಿಸಬೇಕು ಎಂಬುದೂ ಕಾನೂನು. ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಿ.

ಇನ್ನು ನಿಮ್ಮೂರ ಶಾಲೆಯ ಫೈಲು ಎಲ್ಲಿ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಬಿಇಒ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆದರೆ ಸಾಕು. ಸರ್ಕಾರದ ದುಡ್ಡು ಗಣನೀಯವಾಗಿ ಪಡೆಯುವ ಸಂಸ್ಥೆಯೂ ಮಾಹಿತಿ ಕೊಡಬೇಕು ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬರೆಯಲು ಗೊತ್ತಾಗದಿದ್ದರೆ ನಮ್ಮನ್ನು ಕೇಳಿ, ನಾವು ಬರೆದುಕೊಡುತ್ತೇವೆ. ಉತ್ತರ ಬಂದರೆ ಅದನ್ನು ಇಲ್ಲೇ ಹಾಕುತ್ತೇವೆ.

ಮುಂದಿನ ಚುನಾವಣೆಗೆ ಮತ್ತೆ ಯಾರಾದರೂ ಬಂದು ‘1995ರ ನಂತರದ ಶಾಲೆಗಳಿಗೆ ಅನುದಾನ ಕೊಡಿಸುತ್ತೇವೆ’ ಎಂದು ಮೈಕಿನಲ್ಲಿ ಹೇಳಿದರೆ ಚಪ್ಪಾಳೆ ತಟ್ಟಬೇಡಿ. ಯಾವ ತಾರೀಕಿಗೆ ಎಂದು ಕೇಳಿ. ಹಾಲು ಹಾಕಿ ಸ್ಕೂಲಿಗೆ ಹೋಗುವ ಆ ಮೇಷ್ಟ್ರಿಗೆ ಬೇಕಿರುವುದು ಹೌದು ಅಥವಾ ಇಲ್ಲ ಎಂಬ ಒಂದು ಉತ್ತರ.